ಬಿಜಾಪುರ ಸೀಮೆಯ ಪ್ರಥಮ ಧರ್ಮಾಧ್ಯಕ್ಷರು: ಮತೇವುಸ್ ದೆ ಕಾಸ್ತ್ರೊ

ನಮ್ಮ ಧರ್ಮಕೇಂದ್ರವು ನೂರು ಸಂವತ್ಸರಗಳನ್ನು ಪೂರೈಸಿ ದೇವರಿಗೆ ಕೃತಜ್ಞತೆಯ ಬಲಿಪೂಜೆಯನ್ನು ಅರ್ಪಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಈ ಮಂದೆಯನ್ನು ಕಾಯ್ದ ಗುರುಗಳನ್ನೂ, ಕನ್ಯಾಸ್ತ್ರೀಯರನ್ನೂ, ಉಪದೇಶಿಗಳನ್ನೂ, ನಮ್ಮ ಹಿರಿಯರನ್ನೂ ಸ್ಮರಿಸುವುದು ನಮ್ಮ ಕರ್ತವ್ಯವಾಗಿದೆ. ಅವರೆಲ್ಲರ ಸ್ಮರಣೆ ಈ ಸಂಚಿಕೆಯ ಬೇರೆ ಪುಟಗಳಲ್ಲಿ ನಡೆದಿದೆ. ಆದರೆ ನೂರು ವರ್ಷಗಳ ಆಚೆಗೂ ನಮಗೊಂದು ಚರಿತ್ರೆಯುಂಟು. ರಾಯಚೂರು, ಮಾನ್ವಿ, ದೇವದುರ್ಗಗಳನ್ನು ಒಳಗೊಂಡ ಈ ನಾಡು ಮೊಟ್ಟಮೊದಲ ಬಾರಿಗೆ ಒಬ್ಬ ಬಿಷಪರ ಪಾಲನೆಗೆ ಒಪ್ಪಿಸಲ್ಪಟ್ಟದ್ದು ಕ್ರಿ.ಶ. 1637ರಲ್ಲಿ. ಆ ಬಿಷಪರು ಹಡಗಿನಲ್ಲಿ ಬಂದ ವಿದೇಶೀಯರಲ್ಲ. ಅವರು ನಮ್ಮ ನೆರೆಯ ಗೋವೆಯಲ್ಲಿ ಹುಟ್ಟಿದ ಭಾರತೀಯರು. ಲತೀನ್ ವಿಧಿಯ ಧರ್ಮಸಭೆಯಲ್ಲಿ ಬಿಷಪ್ ಪದವಿಗೇರಿದ ಪ್ರಪ್ರಥಮ ಭಾರತೀಯರು. ಅವರ ಹೆಸರು ಮತೇವುಸ್ ದೆ ಕಾಸ್ತ್ರೊ.

ಇಂತಹವರ ಹೆಸರನ್ನು ನಮ್ಮ ಮಕ್ಕಳು ಧರ್ಮೋಪದೇಶದ ತರಗತಿಗಳಲ್ಲಿ ಕೇಳುವುದು ಅಪರೂಪ. ಅವರ ಜೀವನವು ಸಂತರ ಚರಿತ್ರೆಯಂತೆ ಸುಗಮವಾದುದಲ್ಲ. ಅದರಲ್ಲಿ ಶ್ರದ್ಧೆಯಿದೆ, ಛಲವಿದೆ, ಅವಮಾನವಿದೆ, ಕೋಪವಿದೆ. ಅವರು ಮಾಡಿದ ತಪ್ಪುಗಳೂ ಇವೆ. ಇವೆಲ್ಲವನ್ನೂ ಮುಚ್ಚುಮರೆಯಿಲ್ಲದೆ ತಿಳಿದುಕೊಂಡರೆ ಮಾತ್ರ, ಅವರು ಎತ್ತಿದ ಪ್ರಶ್ನೆ ಇಂದಿಗೂ ನಮ್ಮ ಪ್ರಶ್ನೆಯಾಗಿ ಉಳಿದಿರುವುದು ನಮಗೆ ಮನವರಿಕೆಯಾದೀತು. ದೇವರ ಪೀಠದ ಬಳಿಗೆ ಬರಲು ಯಾರು ಅರ್ಹರು ಎಂಬುದೇ ಆ ಪ್ರಶ್ನೆ.

ನಮ್ಮ ನಾಡಿನ ಅಂದಿನ ಸ್ಥಿತಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ನಮ್ಮ ಈ ದೋಆಬ್ ಪ್ರದೇಶಕ್ಕಾಗಿ ರಾಜರುಗಳು ಶತಮಾನಗಳ ಕಾಲ ಹೋರಾಡಿದರು. ದೇವದುರ್ಗವು ಕೃಷ್ಣೆಯ ಕಡೆಗೆ, ಮಾನ್ವಿಯು ತುಂಗಭದ್ರೆಯ ಕಡೆಗೆ, ಇವೆರಡರ ಪೂರ್ವಕ್ಕೆ ರಾಯಚೂರಿನ ಕೋಟೆ. 1294ರಲ್ಲಿ ಕಾಕತೀಯರ ಕಡೆಯ ವಿಠಲನಾಥನೆಂಬ ದಂಡನಾಯಕನು ಕಟ್ಟಿಸಿದ ಈ ಕೋಟೆಯ ಗೋಡೆಯಲ್ಲಿರುವ ಭಾರಿ ಶಿಲೆಯ ಮೇಲಿನ ಶಾಸನವು ನಮ್ಮ ಊರಿನವರಿಗೆಲ್ಲ ಪರಿಚಿತವಾದುದೇ. 1520ರಲ್ಲಿ ಶ್ರೀಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಶಹನನ್ನು ಸೋಲಿಸಿ ರಾಯಚೂರನ್ನು ಗೆದ್ದಾಗ, ಕ್ರಿಸ್ತೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಬಂದೂಕುದಾರರೊಡನೆ ಮುತ್ತಿಗೆಯಲ್ಲಿ ನೆರವಾದನೆಂದು ಚರಿತ್ರೆ ಹೇಳುತ್ತದೆ. 1565ರಲ್ಲಿ ವಿಜಯನಗರವು ಸೋತ ಮೇಲೆ ದೋಆಬ್ ಪ್ರದೇಶವು ಬಿಜಾಪುರದ ಆದಿಲ್‌ಶಾಹಿ ಅರಸರಿಗೆ ಭದ್ರವಾಗಿ ಸೇರಿತು.

ಈ ರಾಜ್ಯದಲ್ಲಿ ಕ್ರೈಸ್ತ ವಿಶ್ವಾಸದ ದೀಪ ಅದಾಗಲೇ ಒಂದೆಡೆ ಉರಿಯುತ್ತಿದ್ದಿತು. ನಮ್ಮ ಜಿಲ್ಲೆಯ ಲಿಂಗಸುಗೂರು ತಾಲೂಕಿನ ಮುದಗಲ್ಲಿನ ದೇವಾಲಯವು 1557ರ ಹೊತ್ತಿಗೆ ಯೇಸುಸಭೆಯ ಗುರುಗಳಿಂದ ಆರಂಭವಾಯಿತೆಂದು ಅಲ್ಲಿನ ಪರಂಪರೆ. ಸುಲ್ತಾನರ ಆಳ್ವಿಕೆಯಲ್ಲಿ, ಕೋಟೆಯ ನೆರಳಿನಲ್ಲಿ, ಕನ್ನಡದಲ್ಲಿ ಪ್ರಾರ್ಥಿಸುತ್ತ ಬಂದ ಮುದಗಲ್ಲಿನ ಸಣ್ಣ ಸಮುದಾಯವು ಈ ಭಾಗದ ಕ್ರೈಸ್ತರಿಗೆಲ್ಲ ಹಿರಿಯಣ್ಣನಿದ್ದಂತೆ. ಆದರೆ ಇಂತಹ ಒಳನಾಡಿನ ಕ್ರೈಸ್ತರನ್ನು ನೋಡಿಕೊಳ್ಳುವ ಬಿಷಪರು ಈ ರಾಜ್ಯದಲ್ಲಿ ಇರಲಿಲ್ಲ. ಎಲ್ಲವೂ ಗೋವೆಯ ಆರ್ಚ್‌ಬಿಷಪರ ಕಡೆಗೆ ನೋಡಬೇಕಾಗಿತ್ತು. ಗೋವೆಯೋ ಪೋರ್ಚುಗೀಸ್ ದೊರೆಗೆ ಸೇರಿದ್ದು. ಬಿಜಾಪುರದೊಡನೆ ಅದಕ್ಕೆ ಒಮ್ಮೆ ಸ್ನೇಹ, ಒಮ್ಮೆ ಯುದ್ಧ.

ಜನನ ಮತ್ತು ಬಾಲ್ಯ

ಮತೇವುಸರು 1594ರ ಸುಮಾರಿಗೆ ಗೋವೆಯ ಮಾಂಡವಿ ನದಿಯ ನಡುವಣ ದಿವಾಡಿ ದ್ವೀಪದ ನಾವೆಲಿ ಎಂಬ ಗ್ರಾಮದಲ್ಲಿ, ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ್ದ ಕೊಂಕಣಿ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಅವರು ಹುಟ್ಟುವ ಹೊತ್ತಿಗೆ ಪೋರ್ಚುಗೀಸರು ಗೋವೆಯನ್ನು ಗೆದ್ದು ಎಂಬತ್ತು ವರ್ಷಗಳಿಗೂ ಮೇಲಾಗಿತ್ತು. ಬಾರ್ದೇಸಿನ ರೈಸ್ ಮಾಗೂಸ್ ಎಂಬಲ್ಲಿ ಫ್ರಾನ್ಸಿಸ್ಕನ್ ಗುರುಗಳು ನಡೆಸುತ್ತಿದ್ದ ವಿದ್ಯಾಲಯದಲ್ಲಿ ಅವರು ಲತೀನ್ ಮೊದಲಾದವನ್ನು ಕಲಿತರು. ಬುದ್ಧಿವಂತರು, ಹಟವಾದಿಗಳು, ಗುರುವಾಗಬೇಕೆಂಬ ಹಂಬಲವನ್ನು ಬಾಲ್ಯದಿಂದಲೇ ಹೊತ್ತವರು.

ಆ ಕಾಲದ ಗೋವೆಯಲ್ಲಿ ಈ ಹಂಬಲಕ್ಕೆ ದಾರಿ ಕಿರಿದಾಗಿತ್ತು. ನಾಡಿನ ಯುವಕರನ್ನು ಸಿದ್ಧಗೊಳಿಸಲೆಂದೇ 1541ರಲ್ಲಿ ಗೋವೆಯಲ್ಲಿ ಗುರುಮಠವೊಂದು ಆರಂಭವಾಗಿದ್ದರೂ, ದಿನ ಕಳೆದಂತೆ ಆ ಉದಾರ ಭಾವನೆ ಬತ್ತಿತು. ಧಾರ್ಮಿಕ ಸಭೆಗಳು ಭಾರತೀಯರನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಯೇಸುಸಭೆಗೆ ಆ ಯುಗದಲ್ಲಿ ಪ್ರವೇಶ ಪಡೆದ ಭಾರತೀಯರೆಂದರೆ 1575ರಲ್ಲಿ ಸೇರಿದ ಮಲೆಯಾಳದ ಪೆರೊ ಲೂಯಿಸ್ ಒಬ್ಬರೇ. ಗುರುದೀಕ್ಷೆ ಪಡೆದ ಕೆಲವು ಸ್ಥಳೀಯರಿಗೂ ಯುರೋಪಿಯನ್ನರ ಕೈಕೆಳಗಿನ ಸಹಾಯಕ ಸ್ಥಾನಗಳಲ್ಲದೆ ಬೇರೆ ಸ್ಥಾನ ದೊರೆಯುತ್ತಿರಲಿಲ್ಲ. ವಿಶ್ವಾಸದಲ್ಲಿ ಇವರು ಇನ್ನೂ ಎಳೆಯರು, ಜನ ಇವರನ್ನು ಗೌರವಿಸುವುದಿಲ್ಲ, ಇವರ ಕೈಗೆ ಅಧಿಕಾರ ಕೊಟ್ಟರೆ ಕೆಡುಕಾದೀತು ಎಂಬ ನೆವಗಳು ಬಾಯಿಂದ ಬಾಯಿಗೆ ಹರಿದಾಡುತ್ತಿದ್ದವು. ಸ್ನಾನದೀಕ್ಷೆಯಲ್ಲಿ ಸಮಾನರಾದವರು ಗುರುಮಠದ ಬಾಗಿಲಲ್ಲಿ ಅಸಮಾನರಾಗುತ್ತಿದ್ದರು. ಮತೇವುಸರು ಗುರುದೀಕ್ಷೆಯನ್ನು ಬೇಡಿದಾಗ ಆರ್ಚ್‌ಬಿಷಪ್ ಕ್ರಿಸ್ತೊವಾವ್ ದೆ ಸಾ ಅವರು ನಿರಾಕರಿಸಿದರು.

ರೋಮಿನ ದಾರಿ

ನಿರಾಕರಣೆಯನ್ನು ಕೇಳಿ ಮನೆಗೆ ಹಿಂದಿರುಗುವ ಸ್ವಭಾವ ಅವರದಾಗಿರಲಿಲ್ಲ. ಗೋವೆಯಲ್ಲಿ ಮುಚ್ಚಿದ ಬಾಗಿಲನ್ನು ರೋಮಿನಲ್ಲಿ ತಟ್ಟಬೇಕೆಂದು ಅವರು ನಿಶ್ಚಯಿಸಿದರು. ಲಿಸ್ಬನ್ನಿನ ಹಡಗು ಹತ್ತಬೇಕಾದರೆ ಪೋರ್ಚುಗೀಸ್ ಅಧಿಕಾರಿಗಳ ಅನುಮತಿ ಬೇಕು. ಆದ್ದರಿಂದ ಅವರು 1621ರ ಸುಮಾರಿಗೆ ಪಶ್ಚಿಮ ಏಷ್ಯದ ನೆಲಮಾರ್ಗವನ್ನು ಹಿಡಿದರು. ವ್ಯಾಪಾರಿಗಳ ಸಾರ್ಥಗಳು ಸಾಗುವ ಮರುಭೂಮಿಗಳ ದಾರಿ ಅದು. ಇಪ್ಪತ್ತೇಳು ವಯಸ್ಸಿನ ಆಸುಪಾಸಿನಲ್ಲಿದ್ದ, ಕೈಯಲ್ಲಿ ಅಧಿಕಾರವಿಲ್ಲದ, ಹಿಂದೆ ಯಾರ ಬೆಂಬಲವೂ ಇಲ್ಲದ ಆ ಯುವಕನು ಅಷ್ಟು ದೂರವನ್ನು ಕ್ರಮಿಸಿ 1625ರಲ್ಲಿ ರೋಮ್ ನಗರವನ್ನು ತಲುಪಿದ್ದು ಸಾಮಾನ್ಯ ಸಾಹಸವಲ್ಲ. ಇಂದು ದೇವದುರ್ಗದಿಂದ ರಾಯಚೂರಿನ ಬಲಿಪೂಜೆಗೆ ಬಸ್ಸಿನಲ್ಲಿ ಬರುವಾಗ ತಡವಾಯಿತೆಂದು ಬೇಸರಗೊಳ್ಳುವ ನಮಗೆ, ಒಂದು ಗುರುದೀಕ್ಷೆಗಾಗಿ ನಾಲ್ಕು ವರ್ಷ ನಡೆದ ಆ ಪ್ರಯಾಣ ಬಹಳಷ್ಟನ್ನು ಕಲಿಸಬಲ್ಲದು.

ಅವರು ರೋಮನ್ನು ಸೇರಿದ ಕಾಲ ಅನುಕೂಲವಾಗಿತ್ತು. 1622ರಲ್ಲಿ ಹದಿನೈದನೆಯ ಗ್ರೆಗೊರಿ ಪೋಪರು ಲೋಕದ ಎಲ್ಲ ಕಡೆಗಳ ಧರ್ಮಪ್ರಚಾರ ಕಾರ್ಯವನ್ನು ನೇರವಾಗಿ ನೋಡಿಕೊಳ್ಳಲು ಪ್ರೊಪಗಾಂಡ ಫಿದೇ ಎಂಬ ವಿಶ್ವಾಸ ಪ್ರಸಾರ ಪರಿಷತ್ತನ್ನು ಸ್ಥಾಪಿಸಿದ್ದರು. ಅದರ ಮೊದಲ ಕಾರ್ಯದರ್ಶಿ ಫ್ರಾಂಚೆಸ್ಕೊ ಇಂಗೊಲಿ ಅವರು 1649ರಲ್ಲಿ ತೀರಿಕೊಳ್ಳುವವರೆಗೂ ಆ ಸ್ಥಾನದಲ್ಲಿದ್ದು, ಆಯಾ ದೇಶದ ಜನರೇ ಆಯಾ ದೇಶದ ಗುರುಗಳೂ ಬಿಷಪರೂ ಆಗಬೇಕೆಂದು ಸತತವಾಗಿ ವಾದಿಸಿದವರು. ಪೋರ್ಚುಗಲ್ಲಿನ ದೊರೆಗೆ ಪೂರ್ವದ ಪೋಪರುಗಳು ಪದ್ರುವಾದೊ ಎಂಬ ಪೋಷಕತ್ವದ ಹಕ್ಕನ್ನು ದಯಪಾಲಿಸಿದ್ದರು. ಆ ಹಕ್ಕಿನ ಪ್ರಕಾರ ಭಾರತಕ್ಕೆ ಬರುವ ಬಿಷಪರನ್ನು ಸೂಚಿಸುವವನು ದೊರೆ. ಗುರುಗಳು ಬರಬೇಕಾದುದು ಲಿಸ್ಬನ್ನಿನ ಮೂಲಕ. ದೊರೆಯ ಧ್ವಜ ಹಾರದ ನಾಡುಗಳಲ್ಲೂ ಈ ಹಕ್ಕು ನಡೆಯಬೇಕೇ ಎಂಬ ವಿವಾದ ಆಗ ರೋಮಿನಲ್ಲಿ ಮೊಳೆಯುತ್ತಿದ್ದಿತು. ಅಂತಹ ಹೊತ್ತಿನಲ್ಲಿ ಭಾರತದಿಂದ ಬಂದ ಈ ಯುವಕನು ತನ್ನ ಅನುಭವವನ್ನು ಪರಿಷತ್ತಿನ ಮುಂದೆ ಬಿಚ್ಚಿಟ್ಟನು. ಇಂಗೊಲಿಯವರ ಆಸರೆಯಲ್ಲಿ ಅಧ್ಯಯನ ಮುಂದುವರಿಯಿತು. 1630ರ ಹೊತ್ತಿಗೆ ಗುರುದೀಕ್ಷೆಯೂ ದೊರಕಿತು.

ಮರಳಿ ಗೋವೆಗೆ, ಮರಳಿ ರೋಮಿಗೆ

ಫಾದರ್ ಮತೇವುಸರು ಪೋಪರ ಪತ್ರಗಳೊಡನೆ 1633ರಲ್ಲಿ ಗೋವೆಗೆ ಹಿಂದಿರುಗಿದರು. ತಮ್ಮ ಜನರ ನಡುವೆ ದುಡಿಯುವ ಅವಕಾಶ ಈಗಲಾದರೂ ದೊರೆಯುವುದೆಂದು ಅವರು ನಂಬಿದ್ದರು. ಆದರೆ ಅಲ್ಲಿನ ಅಧಿಕಾರಿಗಳು ಆ ಪತ್ರಗಳನ್ನು ಮನ್ನಿಸಲಿಲ್ಲ. ಅವು ಸರಿಯಾದ ಮಾರ್ಗದಲ್ಲಿ ಬಂದವುಗಳಲ್ಲ, ನಿಜಸ್ಥಿತಿಯನ್ನು ಮರೆಮಾಚಿ ಪಡೆದವು ಎಂದು ಆಕ್ಷೇಪಿಸಿದರು. ರೋಮಿನಲ್ಲಿ ಗುರುವಾಗಿದ್ದವರು ತವರಿನಲ್ಲಿ ಪರಕೀಯರಾದರು. ಅವರು ಮತ್ತೆ ಪಯಣ ಬೆಳೆಸಿ 1636ರಲ್ಲಿ ರೋಮನ್ನು ಸೇರಿ ಪರಿಷತ್ತಿಗೆ ದೂರಿತ್ತರು.

ಪರಿಷತ್ತಿನ ಉತ್ತರ ದಿಟ್ಟವಾಗಿತ್ತು. 1637ರಲ್ಲಿ, ಎಂಟನೆಯ ಅರ್ಬನ್ ಪೋಪರ ಆಳ್ವಿಕೆಯಲ್ಲಿ, ಅವರಿಗೆ ಬಿಷಪ್ ದೀಕ್ಷೆಯನ್ನೇ ನೀಡಲಾಯಿತು. ಪೋರ್ಚುಗೀಸರ ವಿರೋಧಕ್ಕೆ ಅಂಜಿ ಈ ಕಾರ್ಯವನ್ನು ಗುಟ್ಟಾಗಿ ನೆರವೇರಿಸಿದರು. ಅವರಿಗೆ ಕ್ರಿಸೊಪೊಲಿಸ್ ಎಂಬ ಹಳೆಯ ಪೀಠದ ಹೆಸರನ್ನೂ, ಇದಲ್‌ಖಾನನ ರಾಜ್ಯದ ವಿಕಾರ್ ಅಪೋಸ್ತಲಿಕ್ ಎಂಬ ಹುದ್ದೆಯನ್ನೂ ಕೊಡಲಾಯಿತು. ಇದಲ್‌ಖಾನನೆಂದರೆ ಪೋರ್ಚುಗೀಸರ ಬಾಯಿಯಲ್ಲಿ ಆದಿಲ್ ಖಾನ, ಅಂದರೆ ಬಿಜಾಪುರದ ಆದಿಲ್‌ಶಹ.

ಈ ಪದವಿಯ ಅರ್ಥವನ್ನು ನಮ್ಮ ಓದುಗರಿಗೆ ಸ್ವಲ್ಪ ವಿವರಿಸಬೇಕಾಗಿದೆ. ಧರ್ಮಾಧ್ಯಕ್ಷರೆಲ್ಲರೂ ಒಂದಲ್ಲ ಒಂದು ಪೀಠದ ಹೆಸರನ್ನು ಹೊತ್ತಿರಬೇಕೆಂಬುದು ಧರ್ಮಸಭೆಯ ಪುರಾತನ ನಿಯಮ. ಸ್ವಂತ ಧರ್ಮಕ್ಷೇತ್ರವಿಲ್ಲದ ಬಿಷಪರಿಗೆ, ಒಂದು ಕಾಲದಲ್ಲಿದ್ದು ಈಗ ಅಳಿದುಹೋಗಿರುವ ಪೀಠವೊಂದರ ಬಿರುದನ್ನು ಕೊಡುವ ಪದ್ಧತಿ ಬೆಳೆದು ಬಂದಿದೆ. ಇಂದಿನ ಸಹಾಯಕ ಧರ್ಮಾಧ್ಯಕ್ಷರ ವಿಷಯದಲ್ಲೂ ಹೀಗೆಯೇ. 2024ರಲ್ಲಿ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಇಬ್ಬರು ಸಹಾಯಕ ಧರ್ಮಾಧ್ಯಕ್ಷರು ನೇಮಕಗೊಂಡಾಗ ಅವರಿಗೂ ಇಂತಹ ಬಿರುದಿನ ಪೀಠಗಳು ಲಭಿಸಿದವು. ಆದರೆ ಸಹಾಯಕ ಧರ್ಮಾಧ್ಯಕ್ಷರು ಕ್ಷೇತ್ರದ ಧರ್ಮಾಧ್ಯಕ್ಷರ ಕೈಕೆಳಗೆ ದುಡಿಯುತ್ತಾರೆ. ವಿಕಾರ್ ಅಪೋಸ್ತಲಿಕರು ಪೋಪರ ಪ್ರತಿನಿಧಿಯಾಗಿ, ಧರ್ಮಕ್ಷೇತ್ರವಿನ್ನೂ ರೂಪುಗೊಳ್ಳದ ನಾಡನ್ನು ಪೋಪರ ಹೆಸರಿನಲ್ಲೇ ಪಾಲಿಸುತ್ತಾರೆ. ಹೀಗೆ ಮತೇವುಸರು ಗೋವೆಯ ಆರ್ಚ್‌ಬಿಷಪರಿಗೆ ಅಧೀನರಾಗಿರಲಿಲ್ಲ. ಗೋವೆಯವರಿಗೆ ಅತ್ಯಂತ ಅಸಹನೀಯವಾದುದು ಇದೇ.

ಆಗ ಬಿಜಾಪುರದ ಸಿಂಹಾಸನದಲ್ಲಿದ್ದವನು ಮುಹಮ್ಮದ್ ಆದಿಲ್‌ಶಹ. 1627ರಿಂದ 1656ರವರೆಗೆ ಆಳಿದ ಆತನ ಸಮಾಧಿಯೇ ಇಂದು ನಾವೆಲ್ಲ ಕಂಡು ಬೆರಗಾಗುವ ಗೋಲಗುಂಬಜ. ಕೊಂಕಣದ ಕರಾವಳಿಯಿಂದ ನಮ್ಮ ರಾಯಚೂರಿನವರೆಗೂ ಆತನ ರಾಜ್ಯ ಹಬ್ಬಿದ್ದಿತು. ಆದ್ದರಿಂದ 1637ರಲ್ಲಿ ರೋಮಿನಲ್ಲಿ ಬರೆದ ಆ ನೇಮಕಪತ್ರದ ವ್ಯಾಪ್ತಿಯೊಳಗೆ ಮುದಗಲ್ಲಿನ ಕ್ರೈಸ್ತರೂ ಬಂದರು, ರಾಯಚೂರಿನ ಕೋಟೆಯೂ ಬಂತು, ಮಾನ್ವಿ ದೇವದುರ್ಗಗಳ ಹೊಲಗದ್ದೆಗಳೂ ಬಂದವು.

ಡಿಚೋಲಿಯ ಬಿಷಪರು

ಹೊಸ ಬಿಷಪರು ಭಾರತಕ್ಕೆ ಬಂದಾಗ ಗೋವೆಯ ವೈಸ್‌ರಾಯರೂ ಆರ್ಚ್‌ಬಿಷಪರೂ ಅವರನ್ನು ಬಿಷಪರೆಂದು ಅಂಗೀಕರಿಸಲಿಲ್ಲ. ದೊರೆಯ ಒಪ್ಪಿಗೆಯಿಲ್ಲದೆ, ಲಿಸ್ಬನ್ನಿನ ಮುದ್ರೆಯಿಲ್ಲದೆ ಬಂದ ಬಿಷಪರನ್ನು ತಾವು ಕಾಣೆವೆಂದರು. ಮತೇವುಸರು ಗೋವೆಯ ಗಡಿಯಿಂದಾಚೆಗೆ, ಆಗ ಬಿಜಾಪುರಕ್ಕೆ ಸೇರಿದ್ದ ಡಿಚೋಲಿಯಲ್ಲಿ ನೆಲೆಸಿದರು. ಪೋರ್ಚುಗೀಸರು ಬಿಚೋಲಿಂ ಎಂದು ಕರೆಯುತ್ತಿದ್ದ ಈ ಊರು ಹುಟ್ಟೂರಾದ ದಿವಾಡಿಯಿಂದ ಬಹು ದೂರವಿಲ್ಲ. ಕ್ರೈಸ್ತ ದೊರೆಯ ಅಧಿಕಾರಿಗಳು ಒಪ್ಪದ ಬಿಷಪರಿಗೆ ಮುಸ್ಲಿಂ ಸುಲ್ತಾನನ ನೆಲ ಆಶ್ರಯ ನೀಡಿತೆಂಬುದು ನಾವು ಮರೆಯಬಾರದ ಸಂಗತಿ.

ಡಿಚೋಲಿಯಲ್ಲಿ ಅವರು ತಮಗೆ ನಿರಾಕರಿಸಲ್ಪಟ್ಟಿದ್ದ ಕಾರ್ಯವನ್ನೇ ಕೈಗೆತ್ತಿಕೊಂಡರು. ಗೋವೆಯಲ್ಲಿ ಗುರುದೀಕ್ಷೆ ದೊರೆಯದ ನಾಡಿನ ಯುವಕರು ಅವರ ಬಳಿಗೆ ಬಂದರು. ಅವರು ಕೆಲವರಿಗೆ ಗುರುದೀಕ್ಷೆಯನ್ನು ಕೊಟ್ಟರು. ಗೋವೆಯವರು ಈ ದೀಕ್ಷೆಗಳನ್ನು ಒಪ್ಪಲಿಲ್ಲ. ಸಾಕಷ್ಟು ವಿದ್ಯೆಯಿಲ್ಲದವರಿಗೆಲ್ಲ ದೀಕ್ಷೆ ಕೊಡಲಾಗಿದೆ ಎಂಬ ಆಪಾದನೆಯೂ ಬಂತು. ಈ ಆಪಾದನೆಯಲ್ಲಿ ದ್ವೇಷದ ಪಾಲು ಇದ್ದಿತೆಂಬುದು ನಿಜ; ಆದರೆ ಗುರುಮಠವಿಲ್ಲದೆ, ಅಧ್ಯಾಪಕರಿಲ್ಲದೆ, ಒಬ್ಬ ಬಿಷಪರು ಏಕಾಂಗಿಯಾಗಿ ಗುರುಗಳನ್ನು ಸಿದ್ಧಪಡಿಸುವುದು ಸುಲಭವಲ್ಲವೆಂಬುದೂ ಅಷ್ಟೇ ನಿಜ. ಅವಸರದಲ್ಲಿ ಮಾಡಿದ ಒಳ್ಳೆಯ ಕೆಲಸವು ವಿರೋಧಿಗಳ ಕೈಗೆ ಆಯುಧವಾಯಿತು.

ಅವರ ಮೇಲೆ ಸುರಿದ ನಿಂದೆಗಳಲ್ಲಿ ಮೈಬಣ್ಣದ ನಿಂದೆಯೂ ಸೇರಿದ್ದಿತು. ಇಥಿಯೋಪಿಯ ದೇಶದಿಂದ ಹೊರದೂಡಲ್ಪಟ್ಟು ಗೋವೆಯಲ್ಲಿ ವಾಸಿಸುತ್ತಿದ್ದ, ಯೇಸುಸಭೆಯವರಾದ ಪೇತ್ರಿಯಾರ್ಕ್ ಅಫೊನ್ಸೊ ಮೆಂದೆಸರಂತಹ ವಿದ್ವಾಂಸರೇ ಅವರ ಕಪ್ಪು ಮೈಯನ್ನು ಆಡಿಕೊಂಡು ಹೀನಾಯವಾಗಿ ಬರೆದರೆಂದ ಮೇಲೆ, ಸಾಮಾನ್ಯರ ಮಾತನ್ನು ಹೇಳುವುದೇನು? ಧರ್ಮಸಭೆಯ ಚರಿತ್ರೆಯಲ್ಲಿ ಇಂತಹ ಪುಟಗಳಿವೆಯೆಂದು ಒಪ್ಪಿಕೊಳ್ಳಲು ನಾವು ನಾಚಬೇಕಾಗಿಲ್ಲ. ಅವುಗಳನ್ನು ಮುಚ್ಚಿಟ್ಟರೆ ನಾಚಬೇಕು.

1640ರ ದಶಕದಲ್ಲಿ ಅವರು ಮತ್ತೊಮ್ಮೆ ರೋಮಿಗೆ ಹೋದರು. ಪರಿಷತ್ತು ಅವರನ್ನು ಕೈಬಿಡಲಿಲ್ಲ. ಇಥಿಯೋಪಿಯ ದೇಶದ ಹೊಣೆಯನ್ನೂ ಅವರ ಹೆಗಲಿಗೇರಿಸಿತು. ಆ ದೇಶದ ಚಕ್ರವರ್ತಿ ಫಾಸಿಲಿದಸನು ಕಥೋಲಿಕ ಗುರುಗಳಿಗೆ ತನ್ನ ರಾಜ್ಯದ ಬಾಗಿಲನ್ನು ಮುಚ್ಚಿದ್ದನು. ಯುರೋಪಿಯನ್ನರು ಹೊಗಲಾಗದ ಕಡೆ ಏಷ್ಯದ ಬಿಷಪರೊಬ್ಬರು ಹೊಗಬಹುದೆಂಬ ಆಸೆ ರೋಮಿನವರಿಗೆ. ಕೆಂಪು ಸಮುದ್ರದ ದಾರಿಯಲ್ಲಿ ಪ್ರಯತ್ನ ಮಾಡಿಯೂ ಆ ಒಳನಾಡನ್ನು ಸೇರಲು ಅವರಿಂದಾಗಲಿಲ್ಲ. ಅವರು ಡಿಚೋಲಿಗೆ ಮರಳಿದರು.

ಕೋಪದ ವರ್ಷಗಳು

1652ರಲ್ಲಿ ಗೋವೆಯ ಆರ್ಚ್‌ಬಿಷಪ್ ಫ್ರಾನ್ಸಿಸ್ಕೊ ದೋಸ್ ಮಾರ್ತಿರೆಸರು ನಿಧನ ಹೊಂದಿದರು. ಪೋರ್ಚುಗಲ್ಲು 1640ರಲ್ಲಿ ಸ್ಪೇನಿನಿಂದ ಬಿಡುಗಡೆ ಸಾರಿಕೊಂಡಿದ್ದರೂ ರೋಮ್ ಹೊಸ ದೊರೆಯನ್ನು ಇನ್ನೂ ಅಂಗೀಕರಿಸಿರಲಿಲ್ಲ. ಅದರಿಂದ ಹೊಸ ಬಿಷಪರ ನೇಮಕಗಳು ನಿಂತುಹೋಗಿ, ಗೋವೆಯ ಪೀಠವು ಸುಮಾರು ಎರಡು ದಶಕಗಳ ಕಾಲ ಆರ್ಚ್‌ಬಿಷಪರಿಲ್ಲದೆ ಉಳಿಯಿತು. ಕುರುಬನಿಲ್ಲದ ಮಂದೆ ಒಂದು ಕಡೆ. ಗಡಿಯಾಚೆ ಡಿಚೋಲಿಯಲ್ಲಿ ಬಿಷಪರಿದ್ದರೂ ಅವರನ್ನು ಬೇಡವೆನ್ನುವ ಅಧಿಕಾರಿಗಳು ಇನ್ನೊಂದು ಕಡೆ. ಮತೇವುಸರ ತಾಳ್ಮೆ ಅಲ್ಲಿಗೆ ಮುಗಿಯಿತು.

1653ರಲ್ಲಿ ಅವರು ಬ್ರಾಹ್ಮಣರ ಕನ್ನಡಿ ಎಂಬ ಅರ್ಥದ ಹೆಸರಿನ ಒಂದು ದೀರ್ಘ ಪತ್ರವನ್ನು ಪೋರ್ಚುಗೀಸ್ ಭಾಷೆಯಲ್ಲಿ ರಚಿಸಿ ಗೋವೆಯ ಬ್ರಾಹ್ಮಣ ಕ್ರೈಸ್ತರಿಗೆ ಕಳುಹಿದರು. ಅವರ ಮೇಲೆ ನಡೆಯುತ್ತಿದ್ದ ಅನ್ಯಾಯಗಳನ್ನು ಅದರಲ್ಲಿ ಕನ್ನಡಿ ಹಿಡಿದಂತೆ ತೋರಿಸಿ, ಸುಮ್ಮನೆ ಸಹಿಸಿಕೊಂಡಿರಬಾರದೆಂದು ಹುರಿದುಂಬಿಸಿದರು. ಮರುವರ್ಷ, 1654ರಲ್ಲಿ, ಬಿಜಾಪುರದ ಸೈನ್ಯವು ಗೋವೆಯ ಮೇಲೆ ನುಗ್ಗಿತು. ದಂಡಯಾತ್ರೆ ಕೈಗೂಡಲಿಲ್ಲ. ಅದರ ಹಿಂದೆ ಡಿಚೋಲಿಯ ಬಿಷಪರ ಕೈಯಿದೆಯೆಂದು ಪೋರ್ಚುಗೀಸರು ದೃಢವಾಗಿ ನಂಬಿದರು.

ಆ ಆಪಾದನೆಯ ವಿಷಯ ಹೇಗೇ ಇರಲಿ, ಇಲ್ಲಿ ಅವರ ದಾರಿ ತಪ್ಪಿತೆಂದು ನಾವು ಹೇಳಲೇಬೇಕು. ಬಲಿಪೀಠದ ಸಮಾನತೆಗಾಗಿ ಹೊರಟವರು ರಾಜಕೀಯದ ಕಲಹದಲ್ಲಿ ಸಿಲುಕಿದರು. ಅದಕ್ಕಿಂತ ಮಿಗಿಲಾದ ಮಾತು ಮತ್ತೊಂದುಂಟು. ಆ ಪತ್ರವು ತಮ್ಮ ಕುಲದ ಬ್ರಾಹ್ಮಣ ಕ್ರೈಸ್ತರನ್ನು ಉದ್ದೇಶಿಸಿದ್ದು; ಅವರು ಎತ್ತಿಹಿಡಿದದ್ದು ಆ ಕುಲದ ಹಿರಿಮೆಯನ್ನು. ಮೈಬಣ್ಣದ ಕಾರಣದಿಂದ ತಮ್ಮನ್ನು ಹೊರಗಿಟ್ಟವರ ವಿರುದ್ಧ ಹೋರಾಡಿದ ಅವರಿಗೆ, ಜಾತಿಯ ಕಾರಣದಿಂದ ಹೊರಗುಳಿದ ಗೋವೆಯ ಬಡ ಕ್ರೈಸ್ತರಿಗೂ ಅದೇ ನ್ಯಾಯ ಸಲ್ಲಬೇಕೆಂದು ತೋಚಲಿಲ್ಲ. ತಾವು ತಟ್ಟಿದ ಬಾಗಿಲಿನಿಂದ ತಮ್ಮವರಷ್ಟೇ ಒಳಹೋದರೆ ಸಾಕೆಂದು ಅವರು ಭಾವಿಸಿದರು.

ಅಂತಿಮ ದಿನಗಳು

1658ರಲ್ಲಿ ಅವರು ಕೊನೆಯ ಬಾರಿಗೆ ರೋಮನ್ನು ಸೇರಿದರು. ಇಂಗೊಲಿಯವರು ಆಗ ಇರಲಿಲ್ಲ. ಪರಿಷತ್ತು ಅವರನ್ನು ಗೌರವದಿಂದ ಇಟ್ಟುಕೊಂಡಿತು, ಆದರೆ ಭಾರತಕ್ಕೆ ಮತ್ತೆ ಕಳುಹಿಸಲಿಲ್ಲ. ಪರಿಷತ್ತಿನ ಭವನದಲ್ಲಿಯೇ ನೆಲೆಸಿ, ಪೂರ್ವ ದೇಶಗಳ ವಿಷಯದಲ್ಲಿ ಕೇಳಿದಾಗ ಸಲಹೆ ಕೊಡುತ್ತ, ಸುಮಾರು ಎರಡು ದಶಕಗಳನ್ನು ಕಳೆದರು. ಅವರು ಹಿಂದಿರುಗಿದ ಮರುವರ್ಷವೇ, 1659ರಲ್ಲಿ, ಪೂರ್ವ ಏಷ್ಯಕ್ಕೆ ಹೊರಟ ವಿಕಾರ್ ಅಪೋಸ್ತಲಿಕರಿಗೆ ಪರಿಷತ್ತು ನೀಡಿದ ಪ್ರಸಿದ್ಧ ಸೂಚನೆಗಳು ಪ್ರಕಟವಾದವು. ಹೋದ ನಾಡಿನ ಜನರನ್ನೇ ಗುರುಗಳಾಗಿ ಸಿದ್ಧಗೊಳಿಸಬೇಕು, ವಿಶ್ವಾಸವನ್ನು ಕೊಂಡೊಯ್ಯಬೇಕೇ ಹೊರತು ಯುರೋಪಿನ ಆಚಾರಗಳನ್ನಲ್ಲ, ರಾಜಕೀಯದಿಂದ ದೂರವಿರಬೇಕು ಎಂಬುದು ಆ ಸೂಚನೆಗಳ ಸಾರ. ಮತೇವುಸರ ಬಾಳಿನ ಗೆಲವೂ ಸೋಲೂ ಆ ಸಾರದಲ್ಲಿ ನಮಗೆ ಎದ್ದು ಕಾಣುತ್ತವೆ. 1677ರಲ್ಲಿ, ಎಂಬತ್ತು ವರ್ಷಗಳನ್ನು ಮೀರಿದ ವೃದ್ಧಾಪ್ಯದಲ್ಲಿ, ಹುಟ್ಟಿದ ದ್ವೀಪದಿಂದ ಬಹು ದೂರದಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಅವರ ಕೆಲಸ ಅವರೊಂದಿಗೆ ಮುಗಿಯಲಿಲ್ಲ. 1669ರಲ್ಲಿ ಗೋವೆಯವರೇ ಆದ ಕುಸ್ತೋದಿಯೊ ದೆ ಪಿನ್ಯೊ ಅವರು ಬಿಜಾಪುರ ಗೋಲ್ಕೊಂಡಗಳ ವಿಕಾರ್ ಅಪೋಸ್ತಲಿಕರಾಗಿ ಬಂದು 1697ರಲ್ಲಿ ಮರಣ ಹೊಂದುವವರೆಗೂ ದುಡಿದರು. ಮತೇವುಸರ ಸೋದರ ಸಂಬಂಧದ ತೋಮಸ್ ದೆ ಕಾಸ್ತ್ರೊ ಅವರು ಕೆನರಾ ಸೀಮೆಯ ವಿಕಾರ್ ಅಪೋಸ್ತಲಿಕರಾಗಿ 1684ರಲ್ಲಿ ತೀರಿಕೊಂಡರು. ಆ ಸೀಮೆಯಲ್ಲೂ ಪದ್ರುವಾದೊ ಮತ್ತು ಪ್ರೊಪಗಾಂಡಗಳ ತಿಕ್ಕಾಟ ಎದ್ದಾಗ, ಗೋವೆಯಿಂದ ಅಲ್ಲಿಗೆ ಬಂದು ಶಾಂತಿಯಿಂದ ನಡೆದುಕೊಂಡ ಯುವಗುರುಗಳೇ, ಮುಂದೆ ಸಿಂಹಳದ ಪ್ರೇಷಿತರಾಗಿ 2015ರಲ್ಲಿ ಸಂತ ಪದವಿಗೇರಿದ ಜೋಸೆಫ್ ವಾಜರು. ಮತೇವುಸರಲ್ಲಿ ಛಲವಾಗಿ ಉರಿದದ್ದು ಜೋಸೆಫ್ ವಾಜರಲ್ಲಿ ದೀನತೆಯಾಗಿ ಬೆಳಗಿತು. 1686ರಲ್ಲಿ ಬಿಜಾಪುರವು ಔರಂಗಜೇಬನ ವಶವಾಗಿ ಆದಿಲ್‌ಶಾಹಿ ರಾಜ್ಯವೇ ಅಳಿಯಿತು.

ನಮಗೆ ಉಳಿದ ಪಾಠ

ಬಿಷಪ್ ಮತೇವುಸರ ಕಾರ್ಯಭೂಮಿ ಬಿಜಾಪುರ ರಾಜ್ಯದ ಪಶ್ಚಿಮದ ಅಂಚಾಗಿತ್ತು. ದೋಆಬಿನ ನಮ್ಮ ಪೂರ್ವಜರಿಗೆ ಅವರಿಂದ ಗುಡಿಯಾಗಲಿ ಶಾಲೆಯಾಗಲಿ ಬರಲಿಲ್ಲ. ಆದರೂ ನಾವು ಅವರಿಗೆ ಋಣಿಗಳು. ಈ ನೆಲದ ಮಗನೂ ದಂಡಮಕುಟಗಳನ್ನು ಧರಿಸಲು ಯೋಗ್ಯನೆಂಬುದನ್ನು ಮೊದಲು ಸಾಧಿಸಿ ತೋರಿಸಿದವರು ಅವರು. ಅವರ ಬಳಿಕ ಆ ಮಾತು ಎಲ್ಲರಿಗೂ ಒಪ್ಪಿಗೆಯಾಗಲು ಬಹುಕಾಲ ಹಿಡಿಯಿತು. ಲತೀನ್ ವಿಧಿಯ ಧರ್ಮಕ್ಷೇತ್ರವೊಂದರ ಪೀಠವು ಆಧುನಿಕ ಕಾಲದಲ್ಲಿ ಭಾರತೀಯ ಬಿಷಪರಿಗೆ ದೊರಕಿದ್ದು 1923ರಲ್ಲಿ, ತೂತ್ತುಕುಡಿಯಲ್ಲಿ. ಆ ಬಿಷಪ್ ತಿಬುರ್ಸಿಯುಸ್ ರೋಚ್ ಅವರು ಯೇಸುಸಭೆಯವರೆಂಬುದು ಕಾಲಚಕ್ರದ ಮಹಿಮೆ. 1953ರಲ್ಲಿ ಮುಂಬಯಿಯ ವಲೇರಿಯನ್ ಗ್ರೇಸಿಯಸರು ಭಾರತದ ಪ್ರಥಮ ಕಾರ್ಡಿನಲರಾದರು. ನಮ್ಮ ಜಿಲ್ಲೆಯು ಸೇರಿರುವ ಬಳ್ಳಾರಿ ಧರ್ಮಕ್ಷೇತ್ರವು 1949ರಲ್ಲಿ ಸ್ಥಾಪನೆಯಾಯಿತು. ಇಂದು ಬಲಿಪೀಠದಲ್ಲಿ ನಮ್ಮ ಮಾತಿನಲ್ಲೇ ಪ್ರಾರ್ಥಿಸುವ ನಾಡಿನ ಗುರುಗಳನ್ನು ಕಾಣುವುದು ನಮಗೆ ಎಷ್ಟು ಸಹಜವಾಗಿದೆಯೆಂದರೆ, ಇದಕ್ಕಾಗಿ ಒಬ್ಬರು ಮರುಭೂಮಿಗಳನ್ನು ದಾಟಿ ಹೋದರೆಂಬುದೇ ನಮಗೆ ಮರೆತಿದೆ.

ಇನ್ನು ಅವರು ಅರ್ಧಕ್ಕೆ ಬಿಟ್ಟುಹೋದ ಮಾತು. ಈ ಭಾಗದ ಧರ್ಮಕೇಂದ್ರಗಳಲ್ಲಿ ಮೊಣಕಾಲೂರುವವರಲ್ಲಿ ಬಹುಮಂದಿ, ಊರ ಹೊರಗಿನ ಕೇರಿಗಳಲ್ಲಿ ಬಾಳಿದವರ ಮಕ್ಕಳು. ಊರ ಬಾವಿಗೂ ಗುಡಿಗೂ ದೂರವಿರಬೇಕಾಗಿದ್ದವರ ಮೊಮ್ಮಕ್ಕಳು. ಬಿಷಪ್ ಮತೇವುಸರ ಕನ್ನಡಿಯಲ್ಲಿ ಇವರ ಮುಖ ಕಾಣಿಸಿರಲಿಲ್ಲ. ಆದರೆ ದೇವರ ಎಣಿಕೆ ಮನುಷ್ಯರ ಎಣಿಕೆಗಿಂತ ದೊಡ್ಡದು. ನಮ್ಮ ತುಂಗಭದ್ರೆಯ ಆಚೆಯ ದಡದ ಕರ್ನೂಲು ಸೀಮೆಯಲ್ಲಿ 1961ರಲ್ಲಿ ಹುಟ್ಟಿ, 2008ರಲ್ಲಿ ಕರ್ನೂಲಿನ ಧರ್ಮಾಧ್ಯಕ್ಷರಾಗಿ, ಬಳಿಕ ಹೈದರಾಬಾದಿನ ಮಹಾಧರ್ಮಾಧ್ಯಕ್ಷರಾದ ಅಂತೋನಿ ಪೂಲ ಅವರನ್ನು ಪೋಪ್ ಫ್ರಾನ್ಸಿಸರು 2022ರ ಆಗಸ್ಟ್ 27ರಂದು ಕಾರ್ಡಿನಲ್ ಪದವಿಗೇರಿಸಿದರು. ದಲಿತ ಸಮುದಾಯದಿಂದ ಆ ಪದವಿಗೇರಿದ 1ನೆಯವರು ಅವರು. ಮಾನ್ವಿಯಲ್ಲಿ ಯೇಸುಸಭೆಯ ಗುರುಗಳು ನಡೆಸುತ್ತಿರುವ ಲೊಯೋಲ ಶಾಲೆಯಲ್ಲಿ ಹಳ್ಳಿಗಳ ಬಡ ಮಕ್ಕಳು ಅಕ್ಷರ ಕಲಿಯುತ್ತಿದ್ದಾರೆ. ನಾಡಿನ ಮಕ್ಕಳಿಗೆ ಒಂದು ಕಾಲದಲ್ಲಿ ಬಾಗಿಲು ಮುಚ್ಚಿದ್ದ ಸಭೆಯೇ ಇಂದು ಅವರಲ್ಲಿ ಅತ್ಯಂತ ಹಿಂದುಳಿದವರನ್ನು ಹುಡುಕಿಕೊಂಡು ಬಂದಿದೆ.

ಹಾಗೆಂದು ನಾವು ಸಮಾಧಾನದಿಂದ ಕೂಡುವಂತಿಲ್ಲ. ನಮ್ಮ ಮನೆಗಳ ಮದುವೆಗಳಲ್ಲಿ, ಪಂಕ್ತಿಗಳಲ್ಲಿ, ಸಮಾಧಿಭೂಮಿಯ ಸಾಲುಗಳಲ್ಲಿ, ಸಂಘಗಳ ಪದಾಧಿಕಾರದಲ್ಲಿ ಯಾರು ಯಾವ ಕುಲದವರೆಂಬ ಪಿಸುಮಾತು ಏಳುವಾಗಲೆಲ್ಲ, ಗೋವೆಯ ಆ ಮುಚ್ಚಿದ ಬಾಗಿಲು ನಮ್ಮಲ್ಲೇ ಇದೆಯೆಂದು ತಿಳಿಯಬೇಕು. ನಮ್ಮ ಹುಡುಗರಲ್ಲಿ, ಹುಡುಗಿಯರಲ್ಲಿ ದೇವಕರೆಯ ಕಿಡಿ ಕಂಡಾಗ, ಅವರ ಮನೆತನವನ್ನು ಕೇಳದೆ ಅದನ್ನು ಊದಿ ಬೆಳಗಿಸುವ ಹೊಣೆ ಧರ್ಮಕೇಂದ್ರದ ಪ್ರತಿಯೊಂದು ಕುಟುಂಬದ್ದೂ ಹೌದು.

ನೂರು ವರ್ಷಗಳ ಮೈಲಿಗಲ್ಲಿನ ಬಳಿ ನಿಂತು ನಾವು ಬಿಜಾಪುರ ಸೀಮೆಯ ಮೊದಲ ಧರ್ಮಾಧ್ಯಕ್ಷರನ್ನು ಕೃತಜ್ಞತೆಯಿಂದ ನೆನೆಯುತ್ತೇವೆ. ಅವರ ಶ್ರಮಕ್ಕಾಗಿ ದೇವರನ್ನು ಸ್ತುತಿಸುತ್ತೇವೆ. ಅವರ ದೋಷಗಳಿಗಾಗಿಯೂ ನಮ್ಮ ದೋಷಗಳಿಗಾಗಿಯೂ ಕ್ಷಮೆ ಬೇಡುತ್ತೇವೆ. ಎರಡನೆಯ ಶತಮಾನವನ್ನು ಪ್ರವೇಶಿಸುತ್ತಿರುವ ಈ ಧರ್ಮಕೇಂದ್ರದಿಂದ ರಾಯಚೂರಿನ ಓಣಿಗಳ, ಮಾನ್ವಿಯ ಹಳ್ಳಿಗಳ, ದೇವದುರ್ಗದ ಕೇರಿಗಳ ಮಕ್ಕಳು ಗುರುಗಳಾಗಿ, ಕನ್ಯಾಸ್ತ್ರೀಯರಾಗಿ, ದೇವರು ಮೆಚ್ಚಿದರೆ ಧರ್ಮಾಧ್ಯಕ್ಷರಾಗಿಯೂ ಹೊರಹೊಮ್ಮಲೆಂದು ಪ್ರಾರ್ಥಿಸುತ್ತೇವೆ. ಬಿಷಪ್ ಮತೇವುಸ್ ದೆ ಕಾಸ್ತ್ರೊ ಅವರ ಆತ್ಮಕ್ಕೆ ಪ್ರಭು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ.